ಒಡೆದರೆ ಮನೆಯಾಗುವುದು

“ಆ ಬೆಳ್ಳಿಗೆರೆ ಮೀನೆಲ್ಲ ಎಲ್ಲಿಗೆ ಹೋದವು, ಒಮ್ಮೆ ನೋಡಿ ಮಾರಾಯ್ರೆ.” ಸಾಯುವ ಮುನ್ನ ದೇವು ಗಂಡನಿಗೆ ಕಡೆಯದಾಗಿ ಹೇಳಿದ್ದು ಇಷ್ಟೇ. ಅವಳ ಬಾಯಿಗೆ ಒಂದು ಗುಟುಕು ಮೀನುಸಾರು ಹಾಕಲು ಬೊಮ್ಮು ಅಂಬಿಗ ಹೊಳೆ ಕಡಲು ಸೇರುವ ಅಳಿವೆಯೆಲ್ಲ ಹುಡುಕಿದ್ದ. ಒಂದೂ ಸಿಕ್ಕಿರಲಿಲ್ಲ.

ಅವಳ ಕಾರ್ಯ ಮುಗಿದ ವಾರ ಡಂಗುರ ಬಂತು. ಅರಸನ ಮಗಳು ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನು ಕೇಳಿದ್ದನ್ನು ಕೊಡುವರು. ತಪ್ಪಿದವನ ತಲೆ ತೆಗೆಯುವರು.

ಬೊಮ್ಮು ಹೋದ. ಸುಮ್ಮನೆ ಕೇಳಲು ಹೋದ.

ಮೊದಲನೆಯದು, ದಿನಕ್ಕೆರಡು ಸಲ ಕರೆಯದೆ ಬಂದು ಹೋಗುವ ನೆಂಟ ಯಾರು? ಸಮುದ್ರದ ಉಬ್ಬರ ಎಂದು ನೆರೆಯ ರಾಜಕುಮಾರ ಹೇಳಿದ. ಎರಡನೆಯದು, ಮಕ್ಕಳಿಗೆ ಮೈಮೇಲೆಯೇ ಮೊಳಕೆ ಬರಿಸಿ ಕೆಸರಿಗೆ ಇಳಿಸುವ ತಾಯಿ ಯಾರು? ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಮರ ಎಂದು ಕುದುರೆಪಡೆಯ ನಾಯಕ ಹೇಳಿದ. ಇಬ್ಬರೂ ಮೀಸೆ ತಿರುವಿದರು.

“ಯಾವುದನ್ನು ಒಡೆದರೆ ಮನೆಯಾಗುತ್ತದೆ?” ಎಂದಳು ಅರಸುಮಗಳು.

ತೆಂಗಿನಕಾಯಿ ಎಂದ ನಾಯಕ. ಮೊಟ್ಟೆ ಎಂದ ರಾಜಕುಮಾರ. ಇಬ್ಬರ ಕೈಗೂ ಹಗ್ಗ ಬಿತ್ತು.

ಬೊಮ್ಮುವಿಗೆ ಆಗ ಹೊಳೆಯಿತು. ಹೆಂಡತಿ ಕೇಳಿದ್ದಕ್ಕೂ ಉತ್ತರ ಅದೇ. ಹೇಳಿದರೆ ತಲೆ ಹೋದೀತು. ಆದರೂ ಮುಂದೆ ಬಂದ.

“ಅಳಿವೆಗೆ ಅಡ್ಡ ಹಾಕಿದ ಕಲ್ಲುಮಣ್ಣಿನ ಕಟ್ಟೆ, ಒಡೆಯ.”



“ಅದು ನನ್ನಪ್ಪ ಕಟ್ಟಿಸಿದ್ದು,” ಎಂದ ಅರಸ.

“ಹೌದು. ಉಪ್ಪುನೀರು ಗದ್ದೆ ಕೆಡಿಸುತ್ತದೆ ಅಂದುಕೊಂಡರು. ನಮ್ಮ ಕಗ್ಗ ಭತ್ತ ಉಪ್ಪಿಗೆ ಹೆದರುವುದಲ್ಲ. ಮೊದಲು ಕೊಯ್ಲಾದ ಮೇಲೆ ಗದ್ದೆಯಂಚಿನ ಹಲಗೆಬಾಗಿಲು ಎತ್ತಿ ನೀರು ಬಿಡುತ್ತಿದ್ದೆವು. ಉಬ್ಬರದ ಜೊತೆ ಮೀನಿನ ಮರಿ ಕೊಯ್ದುಳಿದ ಕೂಳೆಯೊಳಗೆ ಬಂದು ಬೆಳೆಯುತ್ತಿದ್ದವು. ಕಟ್ಟೆ ಬಂತು, ಕಾಂಡ್ಲ ಒಣಗಿತು. ಮೀನಿಗೆ ಮನೆ ಹೋಯಿತು.”

ಅರಸ ಮಗಳ ಕಡೆ ನೋಡಿದ. “ನಿನಗೆ ಗೊತ್ತಿತ್ತೇ?”

“ನಾನು ಹೇಳಿದ್ದರೆ ಕೇಳುತ್ತಿದ್ದಿರಾ ಅಪ್ಪಯ್ಯ? ತಾತನ ಹೆಸರು ಬಂದ ಕೂಡಲೇ ಎದ್ದು ಹೋಗುತ್ತಿದ್ದಿರಿ. ಒಗಟಾದರೆ ಕೂತು ಕೇಳುತ್ತೀರಿ.”

ಅರಸ ಗಡ್ಡ ನೀವಿ, ಉತ್ತರ ಸರಿ ಎಂದು ಒಪ್ಪಿದ. ಏನು ಬೇಕೆಂದು ಬೊಮ್ಮುವನ್ನು ಕೇಳಿದ.

“ಕಟ್ಟೆ ಒಡೆಯಲು ಅಪ್ಪಣೆ. ಆ ಎರಡು ತಲೆಗಳೂ ಬೇಕು.”

“ತಲೆ ಯಾಕೋ?”

“ಬುಟ್ಟಿ ಹೊರಲು ಒಡೆಯ. ಕುತ್ತಿಗೆ ಮೇಲೆ ಇದ್ದರೇ ಅನುಕೂಲ.”

ಅರಸ ನಕ್ಕುಬಿಟ್ಟ.

ಮರುದಿನ ಬೆಳಿಗ್ಗೆ, ನೀರು ಇಳಿದ ಹೊತ್ತಿಗೆ, ಬೊಮ್ಮು ಗುದ್ದಲಿ ತಂದು ಕಟ್ಟೆಯ ನಡುಭಾಗ ಅಗೆದ. ಮೊದಲ ಬುಟ್ಟಿ ಮಣ್ಣು ತುಂಬಿ ರಾಜಕುಮಾರನ ತಲೆಗೆ ಎತ್ತಿಕೊಟ್ಟ.