ಮರುದಿನದ ಗೆರೆ

"ಗುರುಗಳೇ, ಕಣ್ಣಾರೆ ಕಂಡದ್ದನ್ನೂ ನಂಬಬಾರದೆ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಕೈ ಹೆಗಲ ಚೀಲವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು.

ಗುರುಗಳು ಹೇಳಿದರು:

ಒಬ್ಬ ದರ್ಜಿ ಇದ್ದ. ಹೋದ ಸಲ ಈ ಕತೆ ಹೇಳಿದಾಗ ಅವನು ಗಡಿಯಾರ ರಿಪೇರಿಯವನಾಗಿದ್ದ. ಇವತ್ತು ದರ್ಜಿಯೇ ಆಗಿರಲಿ, ಕತೆಗೆ ಅದೇ ಒಪ್ಪುತ್ತದೆ. ಬಟ್ಟೆಯ ಮೇಲೆ ಅಳಿಸಿಹೋದ ಚಾಕ್‌ಪೀಸಿನ ಗೆರೆಯನ್ನೂ ಅವನು ಹುಡುಕಿ ತೆಗೆಯುತ್ತಿದ್ದ.

ಮದುವೆಗೆ ಮುಂಚೆ, ಪರ ಊರಿನಲ್ಲಿ, ಗೆಳೆಯನೊಬ್ಬನ ಜೊತೆ ಅವನು ಒಂದು ಮನೆಗೆ ಹೋಗಿದ್ದ. ಯಾವ ಮನೆ ಎಂದು ಕೇಳಬೇಡ. ಆ ಗೆಳೆಯನಿಗೆ ಎಚ್‌ಐವಿ ಇದೆಯೆಂದು ಎಷ್ಟೋ ವರ್ಷಗಳ ಮೇಲೆ ಸುದ್ದಿ ಬಂತು. ದರ್ಜಿಗೆ ಅನ್ನ ಇಳಿಯಲಿಲ್ಲ. ಪೇಟೆಯಿಂದ ಗುಟ್ಟಾಗಿ ಪರೀಕ್ಷೆಯ ಕಿಟ್ ತಂದ. ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಳ್ಳುವ ಬೆರಳು, ಅಂದು ಒಂದು ಹನಿ ರಕ್ತ ಕೊಡಲು ಮೂರು ಸಲ ಹಿಂದೆ ಸರಿಯಿತು.

ಕಿಟ್‌ನ ಚೀಟಿಯಲ್ಲಿ ಬರೆದಿತ್ತು: ರಕ್ತ ಬಿಟ್ಟ ಪಟ್ಟಿಯಲ್ಲಿ ಒಂದು ಗೆರೆಯಾದರೆ ಸೋಂಕು ಕಂಡಿಲ್ಲ, ಎರಡಾದರೆ ಆಸ್ಪತ್ರೆಗೆ ಹೋಗಿ. ಹದಿನೈದು ನಿಮಿಷಕ್ಕೆ ನೋಡಿ, ಇಪ್ಪತ್ತು ದಾಟಿದ ಮೇಲೆ ನೋಡಬೇಡಿ.

ಹದಿನೈದಕ್ಕೆ ನೋಡಿದ. ಒಂದೇ ಗೆರೆ. ಇಪ್ಪತ್ತಕ್ಕೆ ನೋಡಿದ. ಒಂದೇ. ಆಗಲೇ ಎಸೆಯಬೇಕಿತ್ತು. ಆದರೆ ಚೂರು ಬಟ್ಟೆಯನ್ನೂ ಎಸೆಯದೆ ಕೂಡಿಡುವುದು ಆ ಕಸುಬಿನ ಅಭ್ಯಾಸ. ಪಟ್ಟಿಯನ್ನು ಗುಂಡಿಗಳ ಡಬ್ಬಿಯಲ್ಲಿ ಇಟ್ಟ.

ಮರುದಿನ ಡಬ್ಬಿ ತೆರೆದ. ಎರಡನೆಯ ಗೆರೆಯ ಜಾಗದಲ್ಲಿ ಏನೋ ಮಸುಕು. ಬಿಸಿಲಿಗೆ ಹಿಡಿದ, ಇತ್ತು. ಓರೆ ಮಾಡಿದ, ಇರಲಿಲ್ಲ. ನೆಟ್ಟಗೆ ಮಾಡಿದ, ಇತ್ತು. ಅಂದೇ ತನ್ನ ಹಾಸಿಗೆಯನ್ನು ಅಂಗಡಿಗೆ ಸಾಗಿಸಿದ. ಇನ್ನೊಂದು ಕಿಟ್ ತಂದ. ಹೇಳಿದ ಹೊತ್ತಿಗೆ ಒಂದೇ ಗೆರೆ, ಮರುದಿನ ಮಸುಕು. ಮೂರನೆಯದೂ ಹಾಗೆಯೇ. ಹನ್ನೊಂದು ಕಿಟ್ ಎನ್ನುವವರೂ ಇದ್ದಾರೆ; ನನಗೆ ಉತ್ಪ್ರೇಕ್ಷೆ ಆಗದು. ಯಾರದೋ ಮದುವೆಯ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದ.

ಹೆಂಡತಿ ಅಂಗಡಿಯ ಬಾಗಿಲಿಗೇ ಬಂದಳು.

"ಯಾರ್ರೀ ಅವಳು?"

"ಯಾರೂ ಇಲ್ಲ ಕಣೇ."

"ಯಾರೂ ಇಲ್ಲದೆ ಹಾಸಿಗೆ ಯಾಕ್ರೀ ಇಲ್ಲಿಗೆ ಬಂತು? ನಾಳೆ ಸಂಜೆಯೊಳಗೆ ಅದು ಮನೆಗೆ ಬರಬೇಕು. ಇಲ್ಲಾಂದ್ರೆ ನಾನು ತವರಿಗೆ ಹೊರಟೆ."

ಬೆಳಗಾಗುತ್ತಲೇ ದರ್ಜಿ ಡಬ್ಬಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಓಡಿದ. ಅಲ್ಲಿ ರಕ್ತ ಪರೀಕ್ಷಿಸುವ ಹೆಂಗಸು ಗುಂಡಿಗಳನ್ನು ಸರಿಸಿ ಪಟ್ಟಿಗಳನ್ನು ನೋಡಿದಳು.

"ಟೈಲರೇ, ಬಟ್ಟೆ ಮೇಲೆ ನೀವು ಎಳೆದ ಗೆರೆ ಎಷ್ಟು ಹೊತ್ತು ಇರಬೇಕು?"

"ಕತ್ತರಿ ಆಡಿಸೋವರೆಗೆ ಇದ್ದರೆ ಸಾಕು, ಸಿಸ್ಟರ್."

"ಆಮೇಲೆ ಬಿದ್ದ ಗೆರೆ ನೋಡಿ ಕತ್ತರಿಸ್ತೀರಾ? ಇದೂ ಹಾಗೇ. ಹೊತ್ತಿನೊಳಗೆ ಕೂದಲೆಳೆಯಷ್ಟು ಮಸುಕು ಕಂಡಿದ್ದರೂ ಓಡಿ ಬನ್ನಿ ಅಂತಿದ್ದೆ. ಇದು ಒಣಗಿದ ಮೇಲೆ ಮೂಡಿದ ಕಲೆ. ಇದು ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಕೈ ಕೊಡಿ, ಇಲ್ಲಿ ಸರಿಯಾಗಿ ನೋಡಿಬಿಡೋಣ. ಇದ್ದರೆ ಮಾತ್ರೆ ಇದೆ, ಇಲ್ಲದಿದ್ದರೆ ನಿದ್ದೆ ಇದೆ."

ದರ್ಜಿ ಕೈ ಚಾಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಏನು ಬಂತು ಗುರುಗಳೇ? ಇತ್ತೇ, ಇರಲಿಲ್ಲವೇ?"

"ಅದು ಅವನ ರಕ್ತ, ನನಗೇನು ಗೊತ್ತು? ಆ ಸಂಜೆ ಅವನು ಹಾಸಿಗೆ ಸುತ್ತಿಕೊಂಡು ಮನೆಗೆ ಹೋದ, ಹೆಂಡತಿಗೆ ಎಲ್ಲವನ್ನೂ ಹೇಳಿದ. ಅಷ್ಟು ಮಾತ್ರ ಗೊತ್ತು."

ಶಿಷ್ಯನ ಕೈ ಮತ್ತೆ ಚೀಲಕ್ಕೆ ಹೋಯಿತು. ಗುರುಗಳು ಎಲೆ ಮಡಿಸಿ ಬಾಯಿಗಿಟ್ಟುಕೊಳ್ಳುವ ಮುನ್ನ ಕೇಳಿದರು:

"ಅದಿರಲಿ ಮಗು, ನಿನ್ನ ಪಟ್ಟಿಗೆ ಇವತ್ತಿಗೆ ಎಷ್ಟು ದಿನವಾಯಿತು?"