ಹೊನ್ನವ್ವ ತಂದ ಗಂಜಿ

ಪೂಜ್ಯ ಬಸಲಿಂಗವ್ವ ತಾಯಿಯವರು ತಮ್ಮ ಕೊನೆಯ ವರ್ಷಗಳನ್ನು ನೇಕಾರರ ಓಣಿಯ ಒಂದು ಹಿತ್ತಲ ಕೋಣೆಯಲ್ಲಿ ಕಳೆದರು. ಮಠ ಕಟ್ಟಿಸಿಕೊಡುತ್ತೇವೆಂದು ಮುಂದೆ ಬಂದವರಿದ್ದರು, ತಾಯಿಯವರು ಒಪ್ಪಲಿಲ್ಲ. ಗೋಡೆಯಾಚೆ ಹಗಲೆಲ್ಲ ಮಗ್ಗ ಬಡಿಯುತ್ತಿತ್ತು, ಬಾಗಿಲ ಮುಂದೆ ಬಣ್ಣದ ನೀರು ಹರಿಯುತ್ತಿತ್ತು. ಅಲ್ಲೇ ಅವರ ಲಿಂಗಪೂಜೆ, ಅಲ್ಲೇ ನಿದ್ರೆ.

ಒಂದು ಬೇಸಗೆಯಲ್ಲಿ ಓಣಿಯ ಬಾವಿ ತಳ ಕಂಡಿತು, ಮನೆಮನೆಗೂ ಭೇದಿ ಹೊಕ್ಕಿತು. ತಾಯಿಯವರನ್ನೂ ಅದು ಬಿಡಲಿಲ್ಲ. ಮಹಾತ್ಮರಿಗೂ ರೋಗ ಬರುವುದೇ ಎಂದು ಕೇಳುವವರು ಈಗಲೂ ಇದ್ದಾರೆ. ಬರುತ್ತದೆ ಮಹನೀಯರೇ, ಹೊಟ್ಟೆ ಎಲ್ಲರಿಗೂ ಇದೆ. ಅವರು ಗೋಡೆ ಹಿಡಿದು ನಡೆಯುವಷ್ಟು ಸೋತಿದ್ದರು. ಓಣಿಯ ಹೆಂಗಸರು, ತಾವೂ ನಿದ್ದೆಗೆಟ್ಟವರೇ, ಸರದಿಯ ಮೇಲೆ ಗಂಜಿ ತಂದುಕೊಡುತ್ತಿದ್ದರು.

ಅಂದು ಮಧ್ಯಾಹ್ನದ ಸರದಿ ಹೊನ್ನವ್ವಳದು. ಭಕ್ತಿಗಿಂತ ಬಾಯಿ ಜೋರಾದ ಹೆಂಗಸು; ಯಾರ ಮನೆಯ ಕೂಸು ಹಟ ಹಿಡಿದರೂ ಕಡೆಯ ಮಾತು ಆಕೆಯದೇ. ಜೋಳದ ನುಚ್ಚಿನ ತೆಳ್ಳಗಿನ ಗಂಜಿಗೆ ಉಪ್ಪು ಹಾಕಿ ತಂದಿದ್ದಳು. ಹಿಂದೆ ಸೊಸೆ ಮಹಾನಂದಾ, ಅವಳ ಹೆಗಲ ಮೇಲೆ ಇನ್ನೂ ವರ್ಷ ತುಂಬದ ಹೆಣ್ಣುಕೂಸು. ಕೂಸಿಗೂ ಹಿಂದಿನ ದಿನದಿಂದ ನೀರಿನಂಥ ಭೇದಿ. ಕಣ್ಣುಗಳು ಗುಳಿಬಿದ್ದಿದ್ದವು. ಅತ್ತರೆ ದನಿ ಬರುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ.

“ಗಂಜಿ ಕುಡೀರಿ ಅವ್ವಾರ. ಆಮ್ಯಾಲೆ ಈ ಕೂಸಿಗೆ ಒಂದೀಟು ವಿಭೂತಿ ಹಚ್ಚಿ ಕಳಸ್ರಿ,” ಎಂದಳು ಹೊನ್ನವ್ವ.

ತಾಯಿಯವರು ಕೂಸನ್ನು ದಿಟ್ಟಿಸಿ ನೋಡಿದರು. “ಇದಕ್ಕೇನು ಕುಡಿಸೀರಿ?”

ಮಹಾನಂದಾ ತಲೆ ತಗ್ಗಿಸಿದಳು. ಹೊನ್ನವ್ವಳೇ ಹೇಳಿದಳು: “ಏನೂ ಇಲ್ಲರಿ. ಕುಡಿಸಿದಷ್ಟೂ ಕೆಳಗ ಹೋಗತೈತಿ. ಹಲ್ಲು ಬರೋ ಭೇದಿ, ಹೊಟ್ಟಿ ಒಣಗಿದ್ರ ತಾನ ನಿಲ್ಲತೈತಿ. ಮೊಲಿನೂ ಬಿಡಿಸೀನಿ.”

ತಾಯಿಯವರು ಗಂಜಿಯ ಬಟ್ಟಲನ್ನು ಕೂಸಿನ ಕಡೆ ಸರಿಸಿದರು. “ಮೊದಲ ಇದಕ್ಕ.”

“ನೀವು ಹಡದವರಲ್ಲ ಅವ್ವಾರ. ನಿಮಗ ತಿಳಿಯೂದಿಲ್ಲ.”

ತಾಯಿಯವರು ಬೇಸರಿಸಲಿಲ್ಲ. “ಅದೂ ಖರೇನ,” ಎಂದು ಗೋಡೆಗೆ ಒರಗಿದರು. ಬಟ್ಟಲು ಸರಿಸಿದಲ್ಲೇ ಉಳಿಯಿತು.

ಹೊನ್ನವ್ವ ಕಾದಳು. ತಾಯಿಯವರ ತುಟಿ ಬಿರಿದಿತ್ತು. ಅದನ್ನು ಸವರಲು ಬಂದ ನಾಲಿಗೆ ಅಲ್ಲೇ ಅಂಟಿಕೊಂಡಿತು. ಹೊನ್ನವ್ವ ಕಲ್ಲೆದೆಯವಳಲ್ಲ, ತಡೆಯಲಾಗಲಿಲ್ಲ. “ಭೇದಿ ಆದಾಗ ಕುಡೀದಿದ್ರ ಜೀವ ಉಳೀತೈತೇನ್ರಿ? ನಾಲಗಿ ಹೆಂಗ ಒಣಗೈತಿ ನೋಡ್ರಿ.”

“ಕೂಸಿನ ನಾಲಗಿ ಮುಟ್ಟಿ ನೋಡವ್ವ,” ಎಂದರು ತಾಯಿಯವರು.

ಹೊನ್ನವ್ವ ಕೂಸಿನ ಬಾಯಲ್ಲಿ ಬೆರಳಿಟ್ಟಳು. ಜೊಲ್ಲು ಹತ್ತಲಿಲ್ಲ. ಕೂಸು ಆ ಒಣ ಬೆರಳನ್ನೇ ಚೀಪತೊಡಗಿತು.

ಆಕೆ ಕೂಸನ್ನು ಮಡಿಲಿಗೆ ಎಳೆದುಕೊಂಡು ಚಮಚೆ ಹಿಡಿದಳು. ಕೂಸು ಒಮ್ಮೆ ಕಾರಿಕೊಂಡಿತು. ಸ್ವಲ್ಪ ತಡೆದು ಮತ್ತೆ ಕುಡಿಸಿದಳು. ನಡುನಡುವೆ ಮಹಾನಂದಾ ಹಾಲೂಡಿಸಿದಳು. ಮತ್ತೆ ಭೇದಿಯಾದಾಗ ಹೊನ್ನವ್ವಳ ಕೈ ನಿಂತಿತು.

“ಹೋಗಲಿ,” ಎಂದರು ತಾಯಿಯವರು. “ಹೋದಷ್ಟು ತುಂಬಸು. ಕುಡಿಯೂದು ಬಿಟ್ರ, ಮಂಕಾದ್ರ, ತಡ ಮಾಡದ ದವಾಖಾನಿಗೆ ಒಯ್ಯಬೇಕು.”

ಬೆಳಗಿನಿಂದ ಉಚ್ಚೆಯನ್ನೇ ಹೊಯ್ಯದಿದ್ದ ಕೂಸು ಹೊತ್ತು ಇಳಿಯುವ ಮೊದಲು ಹೊನ್ನವ್ವಳ ಮಡಿಲಲ್ಲಿ ಉಚ್ಚೆ ಹೊಯ್ದಿತು. ಮಹಾನಂದಾ ಬಟ್ಟೆ ತರಲು ಎದ್ದಳು. ಹೊನ್ನವ್ವ ಬೇಡವೆಂದು ಕೈಮಾಡಿ, ಒದ್ದೆಯಾದ ಸೀರೆಯನ್ನೇ ನೋಡುತ್ತ ಕೂತಳು.

“ನನ್ನ ಮೊದಲಿನ ಕೂಸು ಎರಡೂ ಹಿಂಗ ಬೆರಳು ಚೀಪಿದ್ವು ಅವ್ವಾರ,” ಎಂದಳು. “ಹೊಟ್ಟಿ ಒಣಗಲಿ ಅಂತ ನಾನ ಬೆರಳು ಬಿಡಿಸಿಕೊಂಡೆ.”

ತಾಯಿಯವರು ಅದನ್ನು ಕರ್ಮವೆನ್ನಲಿಲ್ಲ, ಶಿವನಿಚ್ಛೆ ಎಂದೂ ಅನ್ನಲಿಲ್ಲ. ನಿಲ್ಲಲಾಗದ ಆ ದೇಹವನ್ನು ನೆಲದ ಮೇಲೆ ಎಳೆದುಕೊಂಡು ಬಂದು ಅವಳ ಪಕ್ಕ ಕೂತರು. “ಅತ್ತುಬಿಡು ಮಗಳ,” ಎಂದರು. ಉಳಿದಿದ್ದ ಗಂಜಿಯನ್ನು ಆಮೇಲೆ ಅವಳ ಕೈಯಿಂದಲೇ ಕುಡಿದರು.

ಕೂಸು ಉಳಿಯಿತು. ಮುಂದೆ ಓಣಿಯಲ್ಲಿ ಯಾವ ಕೂಸಿಗೆ ಭೇದಿಯೆಂದರೂ ಹೊನ್ನವ್ವ ಕರೆಯದೆಯೇ ಹೋಗುತ್ತಿದ್ದಳು. ಕುಡಿಸಿದರೆ ಕೆಳಗೆ ಹೋಗುತ್ತದಲ್ಲ ಎಂದು ಯಾರಾದರೂ ಅಂದರೆ, ಅಷ್ಟು ಜೋರು ಬಾಯಿಯ ಹೆಂಗಸು ವಾದಕ್ಕೆ ಇಳಿಯುತ್ತಿರಲಿಲ್ಲ. ಎಷ್ಟೋ ವರ್ಷ ಬಾಯಿಬಿಟ್ಟು ಹೇಳದಿದ್ದ ತೀರಿಹೋದ ತನ್ನ ಎರಡು ಕೂಸುಗಳ ಹೆಸರು ಹೇಳಿ, ಕೂಸಿನ ತಾಯಿಯ ಕೈಗೆ ಚಮಚೆ ಕೊಡುತ್ತಿದ್ದಳು.