ಅಂಗಳದ ಹೆಬ್ಬಾತು ಏಕೆ ಹಾರುವುದಿಲ್ಲ

ಲೋಕ ಆಗ ಇನ್ನೂ ಹೊಸದು. ಎಷ್ಟು ಹೊಸದೆಂದರೆ, ಯಾವ ಕಡೆ ಹರಿಯಬೇಕೆಂಬುದು ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಒಂದು ದಿಕ್ಕಿಗೆ ಹೋಗಿ, ಸಂಜೆ ನಾಚಿಕೊಂಡು ಹಿಂದಕ್ಕೆ ಬರುತ್ತಿತ್ತು. ಗಾಳಿ, ಕೆರೆ, ಹಕ್ಕಿ, ಮನುಷ್ಯರು ಎಲ್ಲರದೂ ಒಂದೇ ಮಾತು. ಹಾಗಾಗಿ ಜಗಳವೂ ಜಾಸ್ತಿಯೇ ಇತ್ತು, ಬಿಡು.

ಆಗ ಹೆಬ್ಬಾತುಗಳೆಲ್ಲ ಹಾರುತ್ತಿದ್ದವು. ಒಂದೂ ಬಿಡದೆ ಎಲ್ಲವೂ. ಚಳಿಗಾಲಕ್ಕೆ ನಮ್ಮ ಕಪ್ಪು ನೆಲದ ಕೆರೆಗೆ ಬರುತ್ತಿದ್ದವು. ಇಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತಿದ್ದವು. ಬಿಸಿಲಿಗೆ ಕೆರೆ ಒಣಗುವ ಮುಂಚೆ, ಮರಿಗಳನ್ನು ಕರೆದುಕೊಂಡು ತೆಂಕಣಗಾಳಿಯ ಜೊತೆ ಬಡಗಣ ಬೆಟ್ಟಗಳಿಗೆ ಹೊರಟುಬಿಡುತ್ತಿದ್ದವು.

ಒಂದು ವರ್ಷ ಒಂದು ತಾಯಿ ಹೆಬ್ಬಾತಿನ ಮೊಟ್ಟೆಗಳನ್ನೆಲ್ಲ ಮುಂಗುಸಿ ತಿಂದುಹಾಕಿತು. ಪಾಪ, ಅವಳು ಅತ್ತು, ಮತ್ತೆ ಐದು ಮೊಟ್ಟೆಯಿಟ್ಟಳು. ಆ ಐದೂ ಮರಿಗಳು ಹೊರಬರುವ ಹೊತ್ತಿಗೆ ಉಳಿದವರ ಮರಿಗಳು ಹಳದಿ ತುಪ್ಪಳ ಉದುರಿಸಿ ಗರಿ ಬಿಡುತ್ತಿದ್ದವು.

ತಾಯಿ ಕೆರೆಯನ್ನು ಕೇಳಿದಳು, "ಇನ್ನೆಷ್ಟು ದಿನ ಇರ್ತೀ?"

"ಎರಡು ಹುಣ್ಣಿವಿ," ಅಂದಿತು ಕೆರೆ. "ಅದರ ಮ್ಯಾಲೆ ನನ್ನ ಕೈಲಾಗೂದಿಲ್ಲವ್ವಾ."

ತಾಯಿ ಗಾಳಿಯನ್ನು ಕೇಳಿದಳು, "ನೀ ಎಷ್ಟು ದಿನ ಕಾಯ್ತೀ?"

"ಕೆರಿ ಇರೂ ತನಕ," ಅಂದಿತು ಗಾಳಿ.

ಎರಡು ಹುಣ್ಣಿಮೆಯೊಳಗೆ ಐದೂ ಮರಿಗಳಿಗೆ ರೆಕ್ಕೆ ಬಲಿಯಬೇಕು. ಇಲ್ಲದಿದ್ದರೆ ಅವು ಒಣಗಿದ ಕೆರೆಯಲ್ಲೇ ಉಳಿಯಬೇಕು. ತಾಯಿಗೆ ಕೂತರೂ ಅದೇ ಚಿಂತೆ, ನಿಂತರೂ ಅದೇ ಚಿಂತೆ.

ಕೆರೆಯ ದಂಡೆಯಲ್ಲಿ ಕೆಂಚವ್ವ ಎಂಬ ಹೆಂಗಸಿನ ಮನೆಯಿತ್ತು. ಕೆಂಚವ್ವನ ಕೈ ದೊಡ್ಡದು. ಅವಳ ಮನೆಗೆ ಹೋದವರು ಹಸಿದು ಬಂದದ್ದಿಲ್ಲ. ಆ ಊರಿನ ರೂಢಿ ಹೇಗಿತ್ತೆಂದರೆ, ಸಾಕು ಅಂದವರಿಗೆ ಆಣೆ ಹಾಕಿ ಮತ್ತೆ ಬಡಿಸಬೇಕು. ಬಡಿಸದಿದ್ದರೆ ಪ್ರೀತಿಯೇ ಇಲ್ಲವೆಂದು ಅರ್ಥ. ನಗಬೇಡ, ನಿನ್ನನ್ನೂ ಹಾಗೇ ಕೂರಿಸಿ ತುರುಕಿದ್ದಾರೆ.

ಮರಿಗಳು ತಾಯಿಯ ಹಿಂದೆ ನಡೆದು ನಡೆದು ಹುಲ್ಲಿನ ಕುಡಿ ಕೀಳುವುದನ್ನು ಕೆಂಚವ್ವ ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

"ಯವ್ವಾ, ಕೂಸುಗಳಿಗೆ ಬರೇ ಹುಲ್ಲು ತಿನ್ನಸಾಕತ್ತೀಯಲ್ಲ! ಅವೇನು ಆಕಳ ಕರುಗಳೇನು?"

"ನಮ್ಮ ಕುಲದಾಗ ಹುಲ್ಲೇ ಊಟ, ಅಕ್ಕಾ. ಹುಲ್ಲು ಮೇಯಬೇಕು, ನಡೀಬೇಕು, ಈಜಬೇಕು. ಗರಿ ನಿಧಾನಕ್ಕ ಬರ್ತಾವು."

"ನಿಧಾನಕ್ಕ ಬಂದ್ರ ನಿನಗ ನಡೀತೈತೇನು?"

ತಾಯಿ ಇಳಿಯುತ್ತಿದ್ದ ಕೆರೆಯ ನೀರನ್ನು ನೋಡಿದಳು. ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕೆಂಚವ್ವ ಕಡಲೆ ನೆನೆಸಿದಳು. ಜೋಳದ ನುಚ್ಚು ಬೇಯಿಸಿ ಬೆಲ್ಲ ಕಲಸಿದಳು. ಹೊಸ್ತಿಲಲ್ಲಿ ಕೂತು ಮರಿಗಳನ್ನು ಕರೆದಳು. ಅವು ತಿಂದವು. ಹೊಟ್ಟೆ ತುಂಬಿ ಹಿಂದಕ್ಕೆ ಸರಿದವು.

"ನನ್ನಾಣಿ, ಇನ್ನೊಂದು ತುತ್ತು," ಅಂದಳು ಕೆಂಚವ್ವ.

ಇನ್ನೊಂದು ತುತ್ತು ತಿಂದವು.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ. ಬೆಳಿಗ್ಗೆ ಕಡಲೆ, ಮಧ್ಯಾಹ್ನ ನುಚ್ಚು, ಸಂಜೆ ಮತ್ತೆ ಕಡಲೆ. "ನನ್ನಾಣಿ, ಇನ್ನೊಂದು ತುತ್ತು." ಮರಿಗಳು ಹುಲ್ಲಿನ ಕಡೆ ಹೋಗುವುದನ್ನೇ ಬಿಟ್ಟವು. ನೀರಿಗೂ ಇಳಿಯಲಿಲ್ಲ. ಹೊಸ್ತಿಲ ಮುಂದೆ ಬಾಯಿ ತೆರೆದುಕೊಂಡು ಕೂತವು.

ಆದರೆ ಗರಿ! ಗರಿ ಬಂದೇ ಬಂತು. ಹುಲ್ಲು ತಿನ್ನುವ ಮರಿಗಳಿಗೆ ಒಂದು ಬೆರಳುದ್ದ ಬರುವಷ್ಟರಲ್ಲಿ ಇವಕ್ಕೆ ಮೂರು ಬೆರಳುದ್ದ ಬಂತು. ದಪ್ಪ ದಂಟಿನ, ರಕ್ತ ತುಂಬಿದ, ಭಾರದ ಗರಿಗಳು. ತಾಯಿ ಖುಷಿಯಿಂದ ಬೀಗಿದಳು. ಕೆಂಚವ್ವನೂ ಬೀಗಿದಳು.

ಗಾಳಿ ಒಂದು ದಿನ ಅಂಗಳಕ್ಕೆ ಬಂದು ಮರಿಗಳನ್ನು ಸುತ್ತುಹಾಕಿ ನೋಡಿತು. "ಗರಿ ಬಂದಾವ ಖರೆ. ಅವನ್ನ ಹೊರೂ ಎಲುಬು ಇನ್ನೂ ಎಳೇದು ಐತೆಲ್ಲ. ಸ್ವಲ್ಪ ಕಡಿಮಿ ಮಾಡ್ರಿ. ಹುಲ್ಲಿಗೆ ಅಟ್ಟರಿ."

"ಕೂಸಿನ ಬಾಯಿಂದ ತುತ್ತು ಕಸಗೋ ಅಂತೀಯಾ?" ಅಂದಳು ಕೆಂಚವ್ವ.

"ನಿನಗ ಹೊಟ್ಟಿಕಿಚ್ಚು," ಅಂದಳು ತಾಯಿ. ಆ ಮಾತು ಆಡಬಾರದಿತ್ತು. ಆದರೆ ಅವಸರದಲ್ಲಿದ್ದ ತಾಯಿಗೆ ಯಾರು ಬುದ್ಧಿ ಹೇಳುತ್ತಾರೆ?

ಎರಡನೆಯ ಹುಣ್ಣಿಮೆಗೆ ಹತ್ತು ದಿನ ಇತ್ತು. ಬೆಳಿಗ್ಗೆ ಎದ್ದ ದೊಡ್ಡ ಮರಿ ಮೈಮುರಿದು ರೆಕ್ಕೆ ಬಿಚ್ಚಿತು. ಮತ್ತೆ ಮಡಿಸಲು ಹೋಯಿತು. ಎಡ ರೆಕ್ಕೆ ಮಡಿಸಿಕೊಳ್ಳಲಿಲ್ಲ. ತುದಿಯ ಗಂಟಿನಿಂದ ಹೊರಕ್ಕೆ ತಿರುಗಿ, ಕೀಲು ಹೋದ ಬಾಗಿಲಿನ ಹಾಗೆ ಜೋತುಬಿದ್ದಿತ್ತು. ಗರಿಯ ಭಾರಕ್ಕೆ ಎಳೆ ಎಲುಬು ತಿರುಚಿಕೊಂಡಿತ್ತು.

ತಾಯಿ ಎರಡನೆಯ ಮರಿಯನ್ನು ನೋಡಿದಳು. ಅದಕ್ಕೆ ಎರಡೂ ರೆಕ್ಕೆ ತಿರುಗಿತ್ತು. ಮೂರನೆಯದಕ್ಕೂ ಹಾಗೇ. ನಾಲ್ಕನೆಯದಕ್ಕೂ ಹಾಗೇ. ಐದನೆಯದನ್ನು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ, ಗಾಳಿಯೇ ನೋಡಿ ಹೇಳಿತು. ಅದಕ್ಕೂ ಹಾಗೇ.

ಕೆಂಚವ್ವ ತನ್ನ ಸೀರೆಯ ಸೆರಗು ಹರಿದಳು. ಒಂದೊಂದೇ ರೆಕ್ಕೆ ಹಿಡಿದು, ಮಡಿಸಿ, ಮೈಗೆ ಒತ್ತಿ ಪಟ್ಟಿ ಕಟ್ಟಿದಳು. ಊಟ ನಿಲ್ಲಿಸಿ ಹುಲ್ಲು ತಂದು ಹಾಕಿದಳು. ಕೊಡದಲ್ಲಿ ನೀರು ತಂದು ಸುರಿದಳು. ಒಂಬತ್ತು ದಿನ ಅವಳು ತಾನೂ ಉಣ್ಣಲಿಲ್ಲ. ಹತ್ತನೆಯ ದಿನ ಪಟ್ಟಿ ಬಿಚ್ಚಿದಳು. ರೆಕ್ಕೆಗಳು ಮತ್ತೆ ಹೊರಕ್ಕೆ ತಿರುಗಿ ನಿಂತವು.

"ತಡಾ ಆತು," ಅಂದಿತು ಗಾಳಿ. "ಎಲುಬು ಹಂಗೇ ಗಟ್ಟಿ ಆಗೇತಿ."

"ನಾ ಏನ್ ಕಡಿಮಿ ಮಾಡಿದ್ದೆ?" ಎಂದು ಕೆಂಚವ್ವ ಗೋಳಿಟ್ಟಳು. "ಹೇಳು, ಏನ್ ಕಡಿಮಿ ಮಾಡಿದ್ದೆ?"

"ಕಡಿಮಿ ಏನೂ ಮಾಡಲಿಲ್ಲವ್ವಾ ನೀ," ಅಂದಿತು ಗಾಳಿ.

ಅಷ್ಟರಲ್ಲಿ ಕೆರೆ ಒಂದು ಬೊಗಸೆಯಷ್ಟಾಗಿತ್ತು. ಹಿಂಡು ಏಳಲೇಬೇಕಾಯಿತು. ಮರಿಗಳ ಅಪ್ಪನಾದ ಗಂಡು ಹೆಬ್ಬಾತು ಮಕ್ಕಳ ಮುಂದೆ ನಿಂತು, "ಹಿಂಗ ಮಾಡ್ರಿ, ಹಿಂಗ ಮಾಡ್ರಿ," ಎಂದು ರೆಕ್ಕೆ ಬಡಿದು ತೋರಿಸಿದ. ಐದೂ ಮರಿಗಳು ಕೆಸರಿನಲ್ಲಿ ಕತ್ತು ಚಾಚಿ ಓಡಿದವು. ಬಿದ್ದವು. ಎದ್ದು ಓಡಿದವು. ಅಪ್ಪ ಹೇಳಿದಂತೆಯೇ ಮಾಡುತ್ತಿದ್ದೇವೆ, ಮತ್ತೆ ಯಾಕೆ ನೆಲ ಬಿಡುತ್ತಿಲ್ಲವೆಂದು ಅವಕ್ಕೆ ತಿಳಿಯಲಿಲ್ಲ.

ತಾಯಿ ಹಿಂಡಿನ ಜೊತೆ ಒಮ್ಮೆ ಮೇಲೆದ್ದಳು, ಕೆಳಗೆ ನೋಡಿ ಇಳಿದಳು. ಇನ್ನೊಮ್ಮೆ ಎದ್ದಳು, ಇಳಿದಳು. ಮೂರನೆಯ ಸಲ ಏಳಲಿಲ್ಲ.

"ಬರೂ ಚಳಿಗೆ ಬರ್ತೀನಿ," ಎಂದು ಗಂಡು ಮೇಲಿನಿಂದ ಕೂಗಿದ. "ಅಷ್ಟರಾಗ ಕಲಿಸಿರು."

"ಕಲಿಸಿರ್ತೀನಿ," ಅಂದಳು ತಾಯಿ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಕಾಡು ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಮೊಟ್ಟೆಯಿಡುವುದಿಲ್ಲ. ದೂರದ ಬೆಟ್ಟಗಳಲ್ಲೇ ಇಡುತ್ತವೆ. ಅಲ್ಲಿ ಕೊರೆಯುವ ಚಳಿ, ಬರೀ ಕಲ್ಲು, ಮೋಟು ಹುಲ್ಲು. ಆದರೆ ಇನ್ನೊಂದು ತುತ್ತು ಎನ್ನುವವರು ಯಾರೂ ಇಲ್ಲ.

ಕೆಂಚವ್ವ ಆ ಐದನ್ನೂ ಅಂಗಳದಲ್ಲೇ ಸಾಕಿದಳು. ಈಗ ಹುಲ್ಲು, ಸೊಪ್ಪು, ನೀರು. ಸಂಜೆಗೆ ಚಿಟಿಕೆಯಷ್ಟು ಕಾಳು. ಮರಿಗಳು ಬಾಯಿ ತೆರೆದು ಅವಳ ಮುಂದೆ ನಿಲ್ಲುತ್ತಿದ್ದವು. ಅವಳು ಕೊಡುತ್ತಿರಲಿಲ್ಲ. ಕೆಂಚವ್ವನಿಗೆ ನಮ್ಮ ಮೇಲೆ ಪ್ರೀತಿ ಹೋಯಿತು ಎಂದುಕೊಂಡವು. ಅವಳು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು.

ಕೆಲವು ವರ್ಷ ಕಳೆದವು. ಮರಿಗಳು ಬೆಳೆದವು, ಮೊಟ್ಟೆಯಿಟ್ಟವು. ಆ ಬೇಸಿಗೆಯಲ್ಲಿ ಮುದಿ ತಾಯಿ ತೀರಿಕೊಂಡಳು. ಮೊಮ್ಮಕ್ಕಳು ಹುಲ್ಲು ಮೇಯ್ದು ಬೆಳೆದವು, ಹಾಗಾಗಿ ಅವುಗಳ ರೆಕ್ಕೆ ನೆಟ್ಟಗೆ ಬಂತು. ನೆಟ್ಟಗೆ, ಚಂದವಾಗಿ, ಮಡಿಸಿಟ್ಟ ಸೀರೆಯ ಹಾಗೆ. ಕೆಂಚವ್ವ ಸವರಿ ನೋಡಿ ಅತ್ತಳು. ಹಾರಿ ತೋರಿಸುವವರು ಆ ಅಂಗಳದಲ್ಲಿ ಯಾರೂ ಉಳಿದಿರಲಿಲ್ಲ.

ಪ್ರತಿ ವರ್ಷದಂತೆ ಆ ಚಳಿಗಾಲದಲ್ಲೂ ಗಂಡು ಹೆಬ್ಬಾತು ಬಂದ. ಮನುಷ್ಯರ ಹೊಸ್ತಿಲ ಹತ್ತಿರ ಇಳಿಯಲು ಹಿಂಡಿಗೆ ಭಯ. ಮೇಲಿನಿಂದಲೇ ನೆಟ್ಟಗಿನ ರೆಕ್ಕೆಗಳನ್ನು ಕಂಡು, "ಬರ್ರಿ! ಬರ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಮೊಮ್ಮಕ್ಕಳು ಓಡಿದವು. ಬೇಲಿಯವರೆಗೆ ಓಡಿ ನಿಂತವು. ಅವನು ಸುತ್ತಿದ, ಕೂಗಿದ, ಮತ್ತೆ ಸುತ್ತಿದ. ಕೊನೆಗೆ ಹೊರಟುಹೋದ.

ಇವತ್ತಿಗೂ ನೋಡು, ಚಳಿಗಾಲದ ಆಕಾಶದಲ್ಲಿ ಕಾಡು ಹೆಬ್ಬಾತುಗಳ ಸಾಲು ಕೂಗುತ್ತಾ ಹೋದರೆ, ಅಂಗಳದ ಹೆಬ್ಬಾತುಗಳು ಕತ್ತು ಚಾಚಿ, ರೆಕ್ಕೆ ಬಿಚ್ಚಿ, ಅರಚುತ್ತಾ ಹತ್ತು ಹೆಜ್ಜೆ ಓಡುತ್ತವೆ; ಆಮೇಲೆ ಯಾಕೆ ಓಡಿದೆವೆಂಬುದು ತಮಗೇ ಗೊತ್ತಾಗದೆ ನಿಂತು, ತಲೆ ತಗ್ಗಿಸಿ ಹುಲ್ಲು ಮೇಯುತ್ತವೆ.